ನಿದ್ದೆ ಬರುತ್ತಾ ಎಂದು ಕೇಳಿ



ಬಿ.ಇ. ಮುಗಿಸಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ ನನಗೆ ರಾತ್ರಿ ನಿದ್ದೆಯೇ ಬರುತ್ತಿರಲಿಲ್ಲ. ಊರಿಂದ ಫೋನ್ ಬಂದರೆ ಸಂಬಳದ ಮಾತು. ನಾನೂ ‘ಚೆನ್ನಾಗಿದ್ದೀನಿ’ ಎನ್ನುತ್ತಿದ್ದೆ. ಪೀಣ್ಯದ ಕಾರ್ಖಾನೆಯಲ್ಲಿದ್ದ, ಇದೇ ಶಾಲೆಯ ನನ್ನ ಸಹಪಾಠಿಗೆ ಮಾತ್ರ ನನ್ನ ದನಿಯಲ್ಲೇ ಗೊತ್ತಾಯಿತು. ಭಾನುವಾರ ಬಸ್ಸು ಬದಲಿಸಿಕೊಂಡು ನನ್ನ ಪಿ.ಜಿ.ಗೆ ಬಂದ. ಬುದ್ಧಿ ಹೇಳಲಿಲ್ಲ, ಸಂಜೆಯವರೆಗೆ ಕೂತು ಕೇಳಿದ. ಮರುದಿನ ರಜೆ ಹಾಕಿ ನಿಮ್ಹಾನ್ಸ್‌ಗೆ ಕರೆದೊಯ್ದ. ಅದಕ್ಕೇ ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ.

ಈಗ ಇನ್ನೊಂದು ದಾರಿಯೂ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ. 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ತಂತ್ರಜ್ಞಾನದ ನೆರವು ಎಲೆಕ್ಟ್ರಾನಿಕ್ ಸಿಟಿಯ ಐಐಐಟಿ-ಬಿಯದು. ಶಾಲಾ ಮಕ್ಕಳು ತೊಂದರೆಗೆ ಸಿಲುಕಿದರೆ 1098. ಈ ಎರಡು ಸಂಖ್ಯೆಗಳನ್ನು ನಮ್ಮ ಶಾಲೆಯ ಗೋಡೆಯ ಮೇಲೆ ಬರೆಸೋಣ.

ಆದರೆ ಆ ಸಂಖ್ಯೆ ಒತ್ತುವುದಕ್ಕೂ ಧೈರ್ಯ ಸಾಲದ ಹೊತ್ತಿರುತ್ತದೆ. ಆಗ ಪಕ್ಕದಲ್ಲಿ ಒಬ್ಬರು ಬೇಕು. ಹಾಗಾಗಿ ನನ್ನದೊಂದು ಕೋರಿಕೆ: ಊರು ಬಿಟ್ಟು ದುಡಿಯುತ್ತಿರುವ ಮಕ್ಕಳಿಗೆ, ಗೆಳೆಯರಿಗೆ ಇಂದು ರಾತ್ರಿ ಫೋನ್ ಮಾಡಿ. ಸಂಬಳ ಕೇಳಬೇಡಿ, ‘ನಿದ್ದೆ ಬರುತ್ತಾ?’ ಎಂದು ಕೇಳಿ. ಉತ್ತರ ಬರುವವರೆಗೆ ಫೋನ್ ಇಡಬೇಡಿ.