ಕೈಗಳಿಲ್ಲದ ಪಾದ್ರಿ ಮತ್ತು ಕ್ಷಮೆಯ ಪ್ರಶ್ನೆ



ನೊಂದವರ ಮುಂದೆ ಕೂತು ‘ಆದದ್ದು ಆಯಿತು, ದೇವರ ಮೇಲೆ ಭಾರ ಹಾಕಿ ಮರೆತುಬಿಡಿ, ಕ್ಷಮಿಸಿಬಿಡಿ’ ಎನ್ನುವುದು ಎಲ್ಲ ಧರ್ಮಗಳಲ್ಲೂ ಇರುವ ರೂಢಿ. ಕ್ರೈಸ್ತ ಧರ್ಮದಲ್ಲಿ ಕ್ಷಮೆಯ ಸ್ಥಾನ ಬಹಳ ದೊಡ್ಡದು. ಹಾಗಾಗಿ ಅಲ್ಲಿ ಈ ಮಾತು ಇನ್ನಷ್ಟು ಬೇಗ ಬಾಯಿಗೆ ಬರುತ್ತದೆ. ಹಿಂಸೆಗೆ ತುತ್ತಾದವರಿಗೆ ಈ ಉಪದೇಶವೇ ಎರಡನೆಯ ಪೆಟ್ಟಾಗಬಹುದು ಎಂದು ಚರ್ಚಿನ ಒಳಗಿನಿಂದಲೇ ಎಚ್ಚರಿಸಿದವರಲ್ಲಿ ಫಾದರ್ ಮೈಕೆಲ್ ಲ್ಯಾಪ್ಸ್‌ಲೆ ಒಬ್ಬರು. ಹಾಗೆ ಹೇಳುವ ಅಧಿಕಾರ ಅವರಿಗೆ ಪುಸ್ತಕದಿಂದ ಬಂದದ್ದಲ್ಲ.

ಲ್ಯಾಪ್ಸ್‌ಲೆ ಹುಟ್ಟಿದ್ದು 1949ರಲ್ಲಿ, ನ್ಯೂಜಿಲೆಂಡಿನಲ್ಲಿ. ಆಂಗ್ಲಿಕನ್ ಪಾದ್ರಿಯಾಗಿ 1973ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಬಂದರು. 1976ರಲ್ಲಿ ಸೊವೆಟೊದಲ್ಲಿ ಪೊಲೀಸರು ಶಾಲಾ ಮಕ್ಕಳ ಮೇಲೆ ಗುಂಡು ಹಾರಿಸಿದಾಗ, ವಿದ್ಯಾರ್ಥಿಗಳ ಪಾದ್ರಿಯಾಗಿದ್ದ ಅವರು ಸುಮ್ಮನಿರಲಿಲ್ಲ. ವರ್ಣಭೇದದ ಸರ್ಕಾರ ಅವರನ್ನು ಹೊರಹಾಕಿತು. ಲೆಸೊಥೊದಲ್ಲಿ, ಆಮೇಲೆ ಜಿಂಬಾಬ್ವೆಯಲ್ಲಿ ನೆಲೆಸಿ, ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಸದಸ್ಯರಾಗಿ ಹೋರಾಟ ಮುಂದುವರಿಸಿದರು.

1990ರ ಏಪ್ರಿಲ್ 28. ನೆಲ್ಸನ್ ಮಂಡೇಲಾ ಬಿಡುಗಡೆಯಾಗಿ ಎರಡೂವರೆ ತಿಂಗಳಾಗಿತ್ತು. ಕೆಟ್ಟ ಕಾಲ ಮುಗಿಯುತ್ತ ಬಂತೆಂದು ಜನ ನಂಬತೊಡಗಿದ್ದ ದಿನಗಳು. ಹರಾರೆಯ ಮನೆಗೆ ಅಂಚೆಯಲ್ಲಿ ಎರಡು ಧಾರ್ಮಿಕ ಪತ್ರಿಕೆಗಳು ಬಂದಿದ್ದವು. ಒಂದನ್ನು ಬಿಡಿಸಿದೊಡನೆ ಅದರಲ್ಲಿದ್ದ ಬಾಂಬ್ ಸಿಡಿಯಿತು. ಎರಡೂ ಕೈಗಳು ಹೋದವು, ಒಂದು ಕಣ್ಣು ಹೋಯಿತು, ಕಿವಿಯ ತಮಟೆಗಳು ಹರಿದವು. ಪಾದ್ರಿಯನ್ನು ಕೊಲ್ಲಲು ಧರ್ಮಪತ್ರಿಕೆಯನ್ನೇ ಹುಡುಕಿದ ಬುದ್ಧಿಗೆ ಏನೆನ್ನಬೇಕು?

ಹಲವು ತಿಂಗಳು ಆಸ್ಪತ್ರೆಯಲ್ಲಿ ಕಳೆದರು. ಆಗ ಯಾರೋ ಕಳುಹಿಸಿದ ಒಂದು ಚಿತ್ರವನ್ನು ಅವರು ಆಮೇಲೂ ನೆನೆಯುತ್ತಿದ್ದರು. ಅದರಲ್ಲಿ ಕ್ರಿಸ್ತನ ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡ. ಊನವಿರುವ ದೇವರು! ಅಲಂಕಾರದ ಚರ್ಚುಗಳಲ್ಲಿ ನಿಂತ ಸುಂದರ ಮೂರ್ತಿಗಳಿಗಿಂತ ಈ ಚಿತ್ರ ಬೈಬಲ್ಲಿಗೆ ಹತ್ತಿರವೆನ್ನಬೇಕು. ಪುನರುತ್ಥಾನವಾದ ಮೇಲೂ ಯೇಸುವಿನ ಮೈಮೇಲೆ ಮೊಳೆಯ ಗಾಯಗಳಿದ್ದವು. ಸಂಶಯಪಟ್ಟ ತೋಮನಿಗೆ ತೋರಿಸಿದ್ದು ಅವನ್ನೇ. ಗಾಯ ಮಾಯಬಹುದು, ಗುರುತು ಅಳಿಯಬೇಕಿಲ್ಲ.

ಭೀಕರ ಆಘಾತ ಮನಸ್ಸಿನಲ್ಲಿ ಬಹುಕಾಲ ಉಳಿದು ಕಾಡುವುದನ್ನು ಅಮೆರಿಕದ ಮನೋವೈದ್ಯರು ತಮ್ಮ ಕಾಯಿಲೆಗಳ ಪಟ್ಟಿಗೆ ಈಗಿನ ಹೆಸರಿನಲ್ಲಿ ಸೇರಿಸಿದ್ದು 1980ರಲ್ಲಿ. ಆದರೆ ಅಂಥವರ ಬಳಿ ಹೇಗೆ ಕೂರಬೇಕೆಂಬ ಪಾಠ ಹಳೆಯ ಒಡಂಬಡಿಕೆಯಲ್ಲೇ ಇದೆ. ಎಲ್ಲವನ್ನೂ ಕಳೆದುಕೊಂಡ ಯೋಬನ ಬಳಿಗೆ ಮೂವರು ಗೆಳೆಯರು ಬಂದರು. ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಕುಳಿತರು. ಅಲ್ಲಿಯವರೆಗೆ ಸರಿಯಾಗಿಯೇ ಇತ್ತು. ಬಾಯಿ ತೆರೆದು, ನಿನ್ನ ಪಾಪದಿಂದಲೇ ಇದೆಲ್ಲ ಆಯಿತೆಂದು ವಿವರಿಸತೊಡಗಿದಾಗ ಕೆಟ್ಟಿತು. ಕೊನೆಗೆ ದೇವರು ಸಿಟ್ಟಾದದ್ದು ಯೋಬನ ಮೇಲಲ್ಲ, ಆ ಗೆಳೆಯರ ಮೇಲೆ. ಕೀರ್ತನೆಗಳಲ್ಲೂ ಗೋಳಿನ ಹಾಡುಗಳು ಕಡಿಮೆಯಿಲ್ಲ. 88ನೆಯ ಕೀರ್ತನೆಯಂತೂ ಸಮಾಧಾನದ ಒಂದು ನುಡಿಯೂ ಇಲ್ಲದೆ ಕತ್ತಲಲ್ಲೇ ಮುಗಿಯುತ್ತದೆ. ಅದನ್ನು ತೆಗೆದುಹಾಕದೆ ಪ್ರಾರ್ಥನೆಯ ಪುಸ್ತಕದಲ್ಲಿ ಉಳಿಸಿಕೊಂಡರಲ್ಲ, ಅದು ದೊಡ್ಡ ವಿಷಯ.

ಲ್ಯಾಪ್ಸ್‌ಲೆ 1992ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಮರಳಿದರು. ಕೈಗಳಿದ್ದ ಜಾಗದಲ್ಲಿ ಈಗ ಲೋಹದ ಕೊಕ್ಕೆಗಳು. ಹಿಂಸೆ, ಚಿತ್ರಹಿಂಸೆಗಳಿಗೆ ತುತ್ತಾದವರಿಗಾಗಿ ಕೇಪ್‌ಟೌನಿನಲ್ಲಿದ್ದ ಕೇಂದ್ರದಲ್ಲಿ 1993ರಿಂದ ಪಾದ್ರಿಯಾದರು. ಆ ಕಟ್ಟಡಕ್ಕೂ ಒಂದು ಚರಿತ್ರೆ: ರಾಬೆನ್ ದ್ವೀಪದ ಕೈದಿಗಳನ್ನು ನೋಡಲು ದೂರದಿಂದ ಬರುತ್ತಿದ್ದ ಮನೆಯವರು ತಂಗುತ್ತಿದ್ದದ್ದು ಅಲ್ಲೇ. 1996ರಲ್ಲಿ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಧ್ಯಕ್ಷತೆಯ ಸತ್ಯ ಮತ್ತು ಸಂಧಾನ ಆಯೋಗ ಕೆಲಸ ಆರಂಭಿಸಿತು. ಸುಮಾರು 21,000 ಮಂದಿ ಹೇಳಿಕೆ ಕೊಟ್ಟರು. ಬಹಿರಂಗವಾಗಿ ಮಾತನಾಡುವ ಅವಕಾಶ ಸಿಕ್ಕಿದ್ದು ಹತ್ತರಲ್ಲಿ ಒಬ್ಬರಿಗೆ ಮಾತ್ರ. ಉಳಿದವರ, ಹೇಳಿಕೆಯನ್ನೇ ಕೊಡದ ಲಕ್ಷಾಂತರ ಜನರ ಕಥೆ ಕೇಳುವವರು ಯಾರು?

ಈ ಪ್ರಶ್ನೆಯಿಂದ ‘ನೆನಪುಗಳ ಉಪಶಮನ’ ಶಿಬಿರಗಳು ಹುಟ್ಟಿದವು. 1998ರಲ್ಲಿ ಅದಕ್ಕಾಗಿಯೇ ಸಂಸ್ಥೆಯಾಯಿತು. ಶಿಬಿರದಲ್ಲಿ ಉಪನ್ಯಾಸವಿಲ್ಲ. ವಾರದ ಕೊನೆಯ ಎರಡು ಮೂರು ದಿನ ಕೆಲವೇ ಜನ ಒಟ್ಟಿಗಿರುತ್ತಾರೆ. ಕಾಗದದ ಮೇಲೆ ಬಣ್ಣದ ಕಡ್ಡಿಗಳಿಂದ ತಮ್ಮ ಬದುಕನ್ನು ಚಿತ್ರಿಸುತ್ತಾರೆ. ನಾಲ್ಕಾರು ಮಂದಿಯ ಗುಂಪಿನಲ್ಲಿ ಅದನ್ನು ವಿವರಿಸುತ್ತಾರೆ. ಎಷ್ಟು ಹೇಳಬೇಕೆಂಬುದು ಹೇಳುವವರ ಇಷ್ಟ. ಕೇಳುವವರು ಬುದ್ಧಿ ಹೇಳುವಂತಿಲ್ಲ, ನಡುವೆ ವಚನ ಉದ್ಧರಿಸುವಂತಿಲ್ಲ. ಕಪ್ಪುಜನ, ಬಿಳಿಯರು, ಹೊಡೆತ ತಿಂದವರು, ಹಿಂದಿನ ಸೈನಿಕರು ಎಲ್ಲರಿಗೂ ಪ್ರವೇಶವಿತ್ತು. ಕೊನೆಯಲ್ಲಿ ಪ್ರಾರ್ಥನೆ, ಹಾಡು.

ಹಾಗಾದರೆ ಕ್ಷಮೆ? ಇದಕ್ಕೆ ಲ್ಯಾಪ್ಸ್‌ಲೆ ಸೈಕಲ್ಲಿನ ಕಥೆ ಹೇಳುತ್ತಿದ್ದರು. ಒಬ್ಬ ನಿಮ್ಮ ಸೈಕಲ್ ಕದ್ದ. ಆರು ತಿಂಗಳ ಮೇಲೆ ಬಂದು ತಪ್ಪಾಯಿತೆಂದ. ನೀವು ಒಳ್ಳೆಯವರು, ಕ್ಷಮಿಸಿದಿರಿ. ಅವನು ಅದೇ ಸೈಕಲ್ ಹತ್ತಿ ಹೊರಟುಹೋದ! ಬಾಂಬ್ ಕಳುಹಿಸಿದವನನ್ನು ಕ್ಷಮಿಸಿದಿರಾ ಎಂದರೆ, ಕ್ಷಮೆ ಕೇಳಿಕೊಂಡು ಯಾರೂ ಬಂದಿಲ್ಲವಲ್ಲ ಎನ್ನುತ್ತಿದ್ದರು. ಬಂದವನು ಆ ಕೆಲಸ ಬಿಟ್ಟು ಆಸ್ಪತ್ರೆಯಲ್ಲೋ ಮತ್ತೆಲ್ಲೋ ದುಡಿಯುತ್ತಿದ್ದರೆ, ಜೈಲಿಗಿಂತ ಅಲ್ಲೇ ಇರಲಿ ಎನ್ನುವವರು ಅವರು. ಆದರೆ ಇಬ್ಬರೂ ಚಹಾ ಕುಡಿಯುವಾಗ ಇನ್ನೊಂದು ಮಾತು ಹೇಳಬೇಕಂತೆ: ನನಗೆ ಕೈಗಳಿಲ್ಲ, ಸಹಾಯಕ್ಕೆ ಸದಾ ಒಬ್ಬರು ಬೇಕು, ಆ ಖರ್ಚಿನಲ್ಲಿ ನಿನ್ನ ಪಾಲೂ ಇರಲಿ.

ದೇಶದ ಲೆಕ್ಕದಲ್ಲಿ ಸೈಕಲ್ ಪೂರ್ತಿ ಹಿಂತಿರುಗಲಿಲ್ಲ. ನೊಂದವರಿಗೆ ಆರು ವರ್ಷ, ಪ್ರತಿ ವರ್ಷವೂ ಪರಿಹಾರ ಕೊಡಬೇಕೆಂದು ಆಯೋಗ ಶಿಫಾರಸು ಮಾಡಿತ್ತು. 2003ರಲ್ಲಿ ಸರ್ಕಾರ ಘೋಷಿಸಿದ್ದು ತಲಾ 30,000 ರ‍್ಯಾಂಡ್, ಅದೂ ಒಂದೇ ಬಾರಿ.