ಖಾಡಿ, ಕಾಂಸ್, ಹಳ್ಳ: ದಂಡೆಯ ಉದ್ಯಾನಕ್ಕೆ ಯಾರನ್ನು ಕೇಳಬೇಕು?

ಊರೊಳಗೆ ಹರಿಯುವ ತೊರೆಯನ್ನು ಸೂರತ್‌ನವರು ಖಾಡಿ ಎನ್ನುತ್ತಾರೆ, ವಡೋದರಾದವರು ಕಾಂಸ್ ಎನ್ನುತ್ತಾರೆ. ಕನ್ನಡದ ಊರುಗಳಲ್ಲಿ ಅದು ಹಳ್ಳ, ಬೆಂಗಳೂರಿನಲ್ಲಿ ರಾಜಕಾಲುವೆ. ಹೆಸರು ಯಾವುದಾದರೂ ಪಾಡು ಒಂದೇ. ಮಳೆಗಾಲದಲ್ಲಿ ಉಕ್ಕಿ ಬೀದಿಗೆ ಬರುತ್ತದೆ, ಉಳಿದ ತಿಂಗಳುಗಳಲ್ಲಿ ಊರಿನ ಕೊಳಚೆ ಹೊತ್ತು ಮೆಲ್ಲಗೆ ಹರಿಯುತ್ತದೆ. ಈಚಿನ ವರ್ಷಗಳಲ್ಲಿ ನಗರಪಾಲಿಕೆಗಳ ಕಣ್ಣು ಇಂಥ ದಂಡೆಗಳ ಮೇಲೆ ಬಿದ್ದಿದೆ. ಅಲ್ಲಿ ನಡಿಗೆದಾರಿ ಬೇಕು, ಕಲ್ಲುಬೆಂಚು ಬೇಕು, ದೀಪದ ಕಂಬ, ಹೂವಿನ ಪಾತಿ ಬೇಕು. ನಕ್ಷೆ ಬರೆಯುವವರಿಗೇನೂ ಬರವಿಲ್ಲ. ಆದರೆ ಆ ನಕ್ಷೆಯ ಬಗ್ಗೆ ಊರಿನವರನ್ನು ಯಾವಾಗ ಕೇಳಬೇಕು? ಯಾರನ್ನು ಕೇಳಬೇಕು? ಗುಜರಾತಿನ ಮೂರು ನಗರಗಳ ಅನುಭವ ಈ ವಿಷಯದಲ್ಲಿ ದೊಡ್ಡ ಪಾಠ.

ಮೊದಲು ಅಹಮದಾಬಾದ್. ಅಲ್ಲಿನ ಸಾಬರಮತಿ ಹಿಂದೆ ವರ್ಷದ ಬಹುಪಾಲು ಮರಳಿನ ಬಯಲಾಗಿತ್ತು. ಜನ ಆ ಬಯಲಿನಲ್ಲಿ ತರಕಾರಿ ಬೆಳೆಯುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು, ಸರ್ಕಸ್ಸಿನ ಡೇರೆ ಹಾಕುತ್ತಿದ್ದರು. ನದಿಯ ದಂಡೆಯನ್ನು ಸುಧಾರಿಸಬೇಕೆಂಬ ಯೋಚನೆಯನ್ನು 1960ರ ದಶಕದಲ್ಲಿ ಫ್ರೆಂಚ್ ವಾಸ್ತುಶಿಲ್ಪಿ ಬರ್ನಾರ್ಡ್ ಕೋನ್ ಮುಂದಿಟ್ಟರು. 1997ರಲ್ಲಿ ನಗರಪಾಲಿಕೆ ಇದಕ್ಕಾಗಿಯೇ ಒಂದು ಕಂಪನಿ ಕಟ್ಟಿತು. ವಾಸ್ತುಶಿಲ್ಪಿ ಬಿಮಲ್ ಪಟೇಲ್ ಅವರ ತಂಡ ಯೋಜನೆ ರೂಪಿಸಿತು, 2005ರಲ್ಲಿ ಕೆಲಸ ಶುರುವಾಯಿತು, 2012ರಲ್ಲಿ ನಡಿಗೆದಾರಿ ಜನರಿಗೆ ತೆರೆಯಿತು. ಎರಡೂ ದಂಡೆಗಳಲ್ಲಿ ತಲಾ ಹನ್ನೊಂದು ಕಿಲೋಮೀಟರಿನಷ್ಟು ಉದ್ದಕ್ಕೆ ಕಾಂಕ್ರೀಟ್ ಗೋಡೆ ಎದ್ದಿತು. ಸುಮಾರು 200 ಹೆಕ್ಟೇರ್ ನೆಲ ನದಿಯ ಪಾತ್ರದಿಂದ ಊರಿಗೆ ಬಂತು. ವಾಸಣಾ ಬ್ಯಾರೇಜಿನ ಹಿಂದೆ ನರ್ಮದಾ ಕಾಲುವೆಯ ನೀರು ತುಂಬಿ ನಿಂತಿತು. ಸಂಜೆ ಗಾಳಿಗೆ ಬರುವ ಕುಟುಂಬಗಳು, ಬೆಳಿಗ್ಗೆ ಓಡುವ ಹುಡುಗರು ಇದನ್ನು ಮನಸಾರೆ ಮೆಚ್ಚಿದ್ದಾರೆ. ಆ ಮೆಚ್ಚುಗೆ ಸುಳ್ಳಲ್ಲ.

ಆದರೆ ದಂಡೆಯಲ್ಲೇ ಬದುಕಿದ್ದವರ ಮಾತು ನಕ್ಷೆ ಮುಗಿದ ಮೇಲೆ, ಅದೂ ನ್ಯಾಯಾಲಯದ ಮೂಲಕ ಕೇಳಿಬಂತು. ಗುಡಿಸಲುಗಳಲ್ಲಿದ್ದವರು ಸಾಬರಮತಿ ನಾಗರಿಕ್ ಅಧಿಕಾರ್ ಮಂಚ್ ಎಂಬ ಸಂಘಟನೆ ಕಟ್ಟಿಕೊಂಡು 2005ರಲ್ಲಿ ಗುಜರಾತ್ ಹೈಕೋರ್ಟಿಗೆ ಹೋದರು. ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಕೊನೆಗೆ ಮನೆ ಸಿಕ್ಕಿದ್ದು ಆ ಮೊಕದ್ದಮೆಯ ಬಲದಿಂದ. ಮನೆ ಸಿಕ್ಕಿತು, ನಿಜ. ಎಷ್ಟೋ ಮಂದಿಗೆ ಅದು ವಟವಾದಂಥ ದೂರದ ಅಂಚಿನಲ್ಲಿ ಸಿಕ್ಕಿತು. ಹಳೇ ಊರಿನ ಮನೆಗಳಿಗೆ ನಡೆದು ಹೋಗಿ ಪಾತ್ರೆ ತೊಳೆಯುತ್ತಿದ್ದ ಹೆಂಗಸರಿಗೆ ಬಸ್ಸಿನ ದುಡ್ಡೇ ಭಾರವಾಯಿತು.

ಇದೇ ನದಿಯ ದಂಡೆಯಲ್ಲಿ ಇನ್ನೊಂದು ಕಥೆಯೂ ನಡೆಯಿತು, ಅದು ಬೇರೆ ದಾರಿ ಹಿಡಿಯಿತು. ಎಲ್ಲಿಸ್ ಸೇತುವೆಯ ಪಕ್ಕದಲ್ಲಿ ಪ್ರತಿ ಭಾನುವಾರ ಗುಜರಿ ಬಜಾರ್ ನೆರೆಯುತ್ತದೆ. ಊರಿನವರ ಬಾಯಲ್ಲಿ ಅದು ರವಿವಾರಿ. 1414ರಲ್ಲಿ, ಸುಲ್ತಾನ್ ಅಹಮದ್ ಷಾನ ಕಾಲದಲ್ಲಿ, ಶುರುವಾದ ಸಂತೆ ಇದು ಎನ್ನುತ್ತಾರೆ. ಒಂದು ಕಡೆ ಹಳೇ ಪುಸ್ತಕಗಳ ರಾಶಿ, ಪಕ್ಕದಲ್ಲೇ ತುಕ್ಕು ಹಿಡಿದ ಸ್ಪ್ಯಾನರ್, ಸುತ್ತಿಗೆ, ಬಾಗಿಲ ಚಿಲಕ. ಆಚೆ ಹಗ್ಗದ ಮಂಚ, ಹಿತ್ತಾಳೆ ಪಾತ್ರೆ, ಹೊಲಿಗೆ ಯಂತ್ರದ ಬಿಡಿಭಾಗ. ಕೆಳಗೆ ಹಾಸಿದ ಗೋಣಿತಾಟೇ ಅಂಗಡಿ. ಮೊದಲ ನಕ್ಷೆಯ ಪ್ರಕಾರ ಈ ಜಾಗದಲ್ಲಿ ಸಂತೆಗೆ ಎಡೆಯಿರಲಿಲ್ಲ. ವ್ಯಾಪಾರಿಗಳ ಸಂಘ ಹೈಕೋರ್ಟಿಗೆ ಹೋಯಿತು. ಅಷ್ಟಕ್ಕೇ ನಿಲ್ಲದೆ ಐಐಎಂ ಅಹಮದಾಬಾದ್ ಮತ್ತು ರಾಷ್ಟ್ರೀಯ ವಿನ್ಯಾಸ ಸಂಸ್ಥೆಯವರ ನೆರವಿನಿಂದ ತನ್ನದೇ ಬದಲಿ ನಕ್ಷೆಯನ್ನು ಬರೆಸಿತು. ಯಾರು ಎಲ್ಲಿ ಕೂರುತ್ತಾರೆ, ಯಾವ ಮರದ ನೆರಳು ಉಳಿಯಬೇಕು, ಕೈಗಾಡಿ ಎಲ್ಲಿಂದ ಬರಬೇಕು ಎಂಬುದನ್ನು ಅಲ್ಲಿ ಕೂತವರಷ್ಟು ಬಲ್ಲವರು ಬೇರೆ ಇಲ್ಲ. 2014ರಲ್ಲಿ ನದಿದಂಡೆಯಲ್ಲೇ ಕಟ್ಟೆ, ನೆರಳು, ಶೌಚಾಲಯಗಳಿರುವ ಹೊಸ ರವಿವಾರಿ ತೆರೆಯಿತು. ಎಲ್ಲ ಬೇಡಿಕೆಯೂ ಈಡೇರಲಿಲ್ಲ. ಆದರೂ ಆರು ಶತಮಾನದ ಸಂತೆ ತನ್ನ ನದಿಯನ್ನು ಬಿಟ್ಟು ಹೋಗಲಿಲ್ಲ.

ನೆರಳಿನ ಮಾತು ಸಣ್ಣದಲ್ಲ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ತಾಪ 46 ಡಿಗ್ರಿ ದಾಟಿ ನೂರಾರು ಜನ ಸತ್ತರು. ಆ ಪೆಟ್ಟಿನ ನಂತರ, 2013ರಲ್ಲಿ, ದಕ್ಷಿಣ ಏಷ್ಯಾದಲ್ಲೇ ಮೊದಲ ನಗರ ತಾಪ ಕ್ರಿಯಾ ಯೋಜನೆಯನ್ನು ಆ ಊರು ಮಾಡಿಕೊಂಡಿತು. ಅಂಥ ಊರಿನಲ್ಲಿ ನದಿಯಂಚಿನ ಕಾಂಕ್ರೀಟ್ ಹಾಸಿನ ಮೇಲೆ ಮಧ್ಯಾಹ್ನ ಕಾಲಿಡಲಾಗದು ಎಂದು ಜನ ದೂರಿದರೆ ಅದು ಪ್ರಾಣದ ಪ್ರಶ್ನೆ.

ವಡೋದರಾದ ವಿಶ್ವಾಮಿತ್ರಿ ನದಿ ಪಾವಾಗಢದ ಬೆಟ್ಟದಲ್ಲಿ ಹುಟ್ಟಿ ಊರಿನ ನಡುವೆ ಹಾವಿನಂತೆ ಬಳುಕುತ್ತ ಹೋಗುತ್ತದೆ. ಅದರಲ್ಲಿ ಮೊಸಳೆಗಳಿವೆ. ಲಕ್ಷಾಂತರ ಜನರಿರುವ ನಗರದ ಮಧ್ಯೆ, ಸೇತುವೆಯ ಕೆಳಗೆ, ಕಾಲೇಜಿನ ಹಿಂದೆ. 2025ರ ಫೆಬ್ರವರಿಯ ಗಣತಿಯಲ್ಲಿ 400ಕ್ಕೂ ಹೆಚ್ಚು ಮೊಸಳೆಗಳು ಲೆಕ್ಕಕ್ಕೆ ಸಿಕ್ಕವು. ಇಳಿಜಾರಿನ ಮಣ್ಣಿನ ದಂಡೆಯಲ್ಲಿ ಗುಳಿ ತೋಡಿ ಅವು ಮೊಟ್ಟೆ ಇಡುತ್ತವೆ. ಅಲ್ಲಿ ನೆಟ್ಟಗೆ ಗೋಡೆ ಎದ್ದರೆ ಅವುಗಳಿಗೆ ಮೊಟ್ಟೆ ಇಡಲು ಜಾಗವೇ ಇಲ್ಲ. ಸಾಬರಮತಿಯ ಮಾದರಿಯಲ್ಲಿ ಇಲ್ಲಿಯೂ ದಂಡೆ ಕಟ್ಟುವ ಯೋಜನೆ ಬಂದಾಗ ಊರಿನ ಪರಿಸರ ಕಾರ್ಯಕರ್ತರು, ನಗರ ಯೋಜಕರು, ಪ್ರಾಣಿಶಾಸ್ತ್ರ ಬಲ್ಲವರು ಒಟ್ಟಾಗಿ ತಾಂತ್ರಿಕ ವರದಿಗಳನ್ನು ಸಾಲುಸಾಲಾಗಿ ಓದಿದರು. ನದಿಯ ಕೋತರಗಳು, ಎಂದರೆ ಮಳೆನೀರು ಕೊರೆದ ಕಮರಿಗಳು, ನೆರೆಯ ನೀರನ್ನು ಹಿಡಿದಿಡುವ ಬಟ್ಟಲುಗಳೆಂದು ತೋರಿಸಿದರು. ಅವನ್ನು ತುಂಬಿಸಿದರೆ ನೀರು ಮನೆಗೆ ಬರುತ್ತದೆ ಎಂದರು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ದೂರು ಹೋಯಿತು. 2021ರ ಮೇ 25ರಂದು ನ್ಯಾಯಮಂಡಳಿ ನದಿಯ ಎಲ್ಲೆ ಗುರುತಿಸಿ, ಒತ್ತುವರಿ ತೆಗೆದು, ನದಿಯನ್ನು ಕಾಪಾಡುವಂತೆ ಆದೇಶಿಸಿತು.

ಮೂರು ವರ್ಷದ ನಂತರ, 2024ರ ಆಗಸ್ಟ್ ಕೊನೆಯಲ್ಲಿ, ವಿಶ್ವಾಮಿತ್ರಿ ಅಪಾಯದ ಮಟ್ಟ ಮೀರಿ ಹರಿಯಿತು. ವಸತಿ ಬಡಾವಣೆಗಳ ಅಂಗಳದಿಂದ, ಮನೆಯ ಮಾಳಿಗೆಯಿಂದ ಮೊಸಳೆ ಹಿಡಿದು ಒಯ್ಯುವ ಚಿತ್ರಗಳನ್ನು ಇಡೀ ದೇಶ ನೋಡಿತು.

ಇದೇ ಊರಿನಲ್ಲಿ, ಇದೇ ನದಿಯ ಮಗ್ಗುಲಲ್ಲಿ, 1879ರಲ್ಲಿ ಮೂರನೆಯ ಸಯಾಜಿರಾವ್ ಗಾಯಕವಾಡರು ಮಾಡಿಸಿದ ಸಯಾಜಿ ಬಾಗ್ ಇದೆ. ಊರಿನವರು ಕಮಾಟಿ ಬಾಗ್ ಎನ್ನುತ್ತಾರೆ. ನೂರು ಎಕರೆಗೂ ಮಿಕ್ಕಿದ ಮರಗಳ ತೋಟ. ನದಿಯ ಪಕ್ಕ ಉದ್ಯಾನ ಹೇಗಿರಬೇಕೆಂದು ವಡೋದರಾದವರನ್ನು ಕೇಳಿದರೆ ಹೊರಗಿನ ಚಿತ್ರ ತೋರಿಸಬೇಕಾಗಿಲ್ಲ, ಅವರು ಇದರತ್ತಲೇ ಕೈ ತೋರಬಹುದು.

ಸೂರತ್‌ನ ಮಾತು ತಾಪಿ ನದಿಯದ್ದಷ್ಟೇ ಅಲ್ಲ. 2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟಿನಿಂದ ಬಿಟ್ಟ ನೀರು ಊರಿನ ಬಹುಭಾಗವನ್ನು ಮುಳುಗಿಸಿತು. ಅದನ್ನು ಎಲ್ಲರೂ ಬಲ್ಲರು. ಆದರೆ ಲಿಂಬಾಯತ್, ಪರ್ವತ್ ಪಾಟಿಯಾ ಕಡೆಯವರಿಗೆ ಹೆಚ್ಚು ಪರಿಚಯವಿರುವುದು ಖಾಡಿಪೂರ್, ಎಂದರೆ ಖಾಡಿಯ ನೆರೆ. ಮೀಠಿ ಖಾಡಿ, ಕೋಯಲಿ ಖಾಡಿ, ಭೇದವಾಡ ಖಾಡಿ, ಕಂಕರಾ ಖಾಡಿ ಎಂದು ಅವರು ಮನೆಯವರ ಹೆಸರಿನಂತೆ ಹೇಳುತ್ತಾರೆ. ಜೋರು ಮಳೆಯ ದಿನವೇ ಸಮುದ್ರದ ಭರತವೂ ಬಂದರೆ ಖಾಡಿಯ ನೀರಿಗೆ ಹೋಗಲು ದಾರಿಯಿಲ್ಲ. 2025ರ ಜೂನ್‌ನಲ್ಲೂ ಈ ಬಡಾವಣೆಗಳು ಮುಳುಗಿದವು. ಇನ್ನೊಂದೆಡೆ ಅಲ್ಥಾಣದ ಬಳಿ ಕಂಕರಾ ಖಾಡಿಯ ದಂಡೆಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯಡಿ ಪಾಲಿಕೆ ಜೀವವೈವಿಧ್ಯ ಉದ್ಯಾನ ಬೆಳೆಸಿದೆ. ಅಲ್ಲಿ ಗೋಡೆಗಿಂತ ಗಿಡಕ್ಕೆ ಮೊದಲ ಮಣೆ. ಕೊಳಚೆ ಕಂಡ ದಂಡೆಯಲ್ಲಿ ಈಗ ನಡೆದಾಡುವ ದಾರಿ ಮತ್ತು ಹಕ್ಕಿಗಳಿವೆ. ಉದ್ಯಾನ ಎಲ್ಲಿ ಆಗಿದೆ, ನೆರೆ ಎಲ್ಲಿ ನುಗ್ಗುತ್ತಿದೆ ಎಂಬ ಎರಡು ನಕ್ಷೆಗಳನ್ನು ಒಂದರ ಮೇಲೊಂದಿಟ್ಟು ನೋಡುವುದು ಸೂರತ್‌ನಲ್ಲಿ ಆಗಲೇಬೇಕಾದ ಕೆಲಸ.

ಕನ್ನಡಿಗರಿಗೂ ಇದು ದೂರದ ಸುದ್ದಿಯಲ್ಲ. ಬೆಂಗಳೂರಿನ ಕೋರಮಂಗಲ ಕಣಿವೆಯ ರಾಜಕಾಲುವೆಯನ್ನು ಕೆ-100 ಎಂಬ ಹೆಸರಿನಲ್ಲಿ ನಡೆದಾಡುವ ದಂಡೆಯಾಗಿ ಮಾಡುವ ಕೆಲಸ 2021ರಲ್ಲಿ ಶುರುವಾಯಿತು. ದಕ್ಷಿಣ ಕೊರಿಯಾದ ಸೋಲ್ ನಗರ ಹೆದ್ದಾರಿಯನ್ನೇ ಕೆಡವಿ 2005ರಲ್ಲಿ ಚೊಂಗ್ಗೆಚೊನ್ ತೊರೆಯನ್ನು ಹೊರತಂದ ಉದಾಹರಣೆ ಅದನ್ನು ರೂಪಿಸಿದವರ ಕಣ್ಣಮುಂದಿತ್ತು. ಇಂಥ ನಕ್ಷೆಗಳು ಇನ್ನು ಮೈಸೂರು, ಹುಬ್ಬಳ್ಳಿ, ಶಿವಮೊಗ್ಗದ ಹಳ್ಳಗಳಿಗೂ ಬರುತ್ತವೆ.

ಬಂದಾಗ ನೀವು ಒಂದು ಕೆಲಸ ಮಾಡಬೇಕು. ಬೆಂಚಿನ ಬಣ್ಣ ಆರಿಸುವ ಮೊದಲು, ಆ ದಂಡೆಯಲ್ಲಿ ಹೂ ಮಾರುವವರನ್ನು, ಬಟ್ಟೆ ಒಗೆಯುವವರನ್ನು, ಹಳೇ ಮನೆಯ ಗೋಡೆಯ ಮೇಲೆ ನೆರೆ ಏರಿದ ಗುರುತು ತೋರಿಸಬಲ್ಲ ಅಜ್ಜಿಯನ್ನು ಪಾಲಿಕೆಯ ಸಭೆಗೆ ಜೊತೆಯಲ್ಲಿ ಕರೆದೊಯ್ಯಿರಿ. ಆ ಗುರುತು ನಕ್ಷೆಯಲ್ಲಿ ಎಲ್ಲಿದೆ ಎಂದು ಅಧಿಕಾರಿಗಳನ್ನು ಮೊದಲು ಕೇಳಿರಿ.