ಬೂಟ್ ಆಗುವ ಮೊದಲ ಕ್ಷಣ: ಅಲ್ಲಿ ಕಾವಲು ಯಾಕಿಲ್ಲ?

ನಿಮ್ಮ ಕೈಯಲ್ಲಿರೋದು ಆಂಡ್ರಾಯ್ಡ್ ಫೋನ್ ಆದ್ರೆ, ಅದರೊಳಗೆ ಓಡ್ತಿರೋದು ಲಿನಕ್ಸ್ ಕರ್ನಲ್. ಅದರ ಬಹುಪಾಲು ಸಿ ಭಾಷೆಯಲ್ಲಿದೆ. ಪ್ರೋಗ್ರಾಂ ತನ್ನದಲ್ಲದ ಮೆಮೊರಿಗೆ ಕೈ ಹಾಕಿದ್ರೂ ಸಿ ತಡೆಯಲ್ಲ. ಹ್ಯಾಕರ್‌ಗಳು ಎಷ್ಟೋ ಸಲ ಒಳಗೆ ನುಗ್ಗೋದು ಇಂಥ ತಪ್ಪುಗಳ ಮೂಲಕವೇ.

ಇವನ್ನ ಹಿಡಿಯೋಕೆ ಕರ್ನಲ್ ಬರೆಯುವವರ ಹತ್ರ 'ಕೆಸಾನ್' ಅನ್ನೋ ಸಾಧನ ಇದೆ. 2015ರಲ್ಲಿ ಲಿನಕ್ಸ್ 4.0 ಜೊತೆ ಬಂತು. ಅದರ ಮೂಲ ರೂಪದಲ್ಲಿ, ಮೆಮೊರಿಯ ಪ್ರತಿ 8 ಬೈಟ್‌ಗೆ 1 ಬೈಟ್‌ನಂತೆ ಒಂದು ಲೆಕ್ಕದ ಪುಸ್ತಕ ಇರುತ್ತೆ. ಅಂದ್ರೆ 8 ಜಿಬಿ ಮೆಮೊರಿಗೆ 1 ಜಿಬಿ ಬರೀ ಲೆಕ್ಕಕ್ಕೇ ಬೇಕು. ಕರ್ನಲ್ ಯಾವ ಜಾಗ ಮುಟ್ಟೋಕೆ ಹೋದ್ರೂ, ಕಂಪೈಲರ್ ಸೇರಿಸಿದ ಕೋಡ್ ಮೊದಲು ಪುಸ್ತಕ ನೋಡುತ್ತೆ. ಇದು ಭಾರ, ನಿಧಾನ. ಹಾಗಾಗಿ ಬಳಕೆ ಮುಖ್ಯವಾಗಿ ಟೆಸ್ಟಿಂಗ್‌ನಲ್ಲಿ.

ಈಗ ಬೂಟ್‌ನ ಮೊದಲ ಕ್ಷಣಕ್ಕೆ ಬನ್ನಿ. ಕಂಪ್ರೆಸ್ ಆದ ಕರ್ನಲನ್ನ ಬಿಚ್ಚುವ ಕೋಡ್ ಓಡ್ತಿದೆ. ಪುಸ್ತಕಕ್ಕೆ ಇನ್ನೂ ಜಾಗವೇ ಸಿಕ್ಕಿಲ್ಲ. ಅಲ್ಲೂ ಚೆಕ್ ಇಟ್ರೆ? ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದಂಗೆ. ಇಲ್ಲದ ಪುಸ್ತಕ ತೆರೆಯೋಕೆ ಹೋಗಿ ಯಂತ್ರವೇ ಕೂತುಬಿಡುತ್ತೆ. ಎಷ್ಟೋ ಸಲ ಪರದೆ ಮೇಲೆ ಒಂದಕ್ಷರವೂ ಬರಲ್ಲ. ಅದಕ್ಕೇ ಮೇಕ್‌ಫೈಲ್‌ನಲ್ಲಿ ಒಂದು ಸಾಲು ಬರೆದು, ಆ ಕೋಡ್‌ಗೆ ಕೆಸಾನ್ ಆಫ್ ಮಾಡ್ತಾರೆ.

ಮುಂದಿನ ಹಂತಕ್ಕೆ ಒಂದು ಜಾಣ ಉಪಾಯ ಇದೆ. ಇಡೀ ಪುಸ್ತಕದ ಬದಲು, ಸೊನ್ನೆ ತುಂಬಿದ ಒಂದೇ ಪುಟವನ್ನ ಎಲ್ಲ ಕಡೆ ತೋರಿಸ್ತಾರೆ. ಸೊನ್ನೆ ಅಂದ್ರೆ 'ಮುಟ್ಟಬಹುದು'. ನಿಜವಾದ ಪುಸ್ತಕ ತಯಾರಾಗೋವರೆಗೆ ಎಲ್ಲ ಚೆಕ್ ಪಾಸ್.

ಹಾಗಾಗಿ ಆಫ್ ಮಾಡೋದು ಸೋಮಾರಿತನ ಅಂತ ನಾನು ಹೇಳಲ್ಲ. ನನ್ನ ಚಿಂತೆ ಬೇರೆ. ಆ ಸಾಲು ಬರೆಯೋದು ತುಂಬಾ ಸುಲಭ. ಬೂಟ್ ಆಗ್ಲಿಲ್ಲ ಅಂತ ಇಡೀ ಫೋಲ್ಡರ್‌ಗೇ ಆಫ್ ಮಾಡಿಬಿಟ್ರೆ, ಅಲ್ಲಿ ಮುಂದೆ ಸೇರೋ ಕೋಡ್‌ಗೂ ಕಾವಲಿಲ್ಲ. ಬೂಟ್‌ಲೋಡರ್ ಕೊಟ್ಟ ಕಮಾಂಡ್ ಲೈನ್ ಓದೋದು ಇಂಥ ಕೋಡೇ. ಹೊರಗಿಂದ ಬಂದ ಅಕ್ಷರಗಳನ್ನ ಎಣಿಸೋವಾಗ ಒಂದು ತಪ್ಪಿದ್ರೂ ಕೇಳೋರಿಲ್ಲ.

ನಾನು ಕೇಳೋದು ಮೂರೇ. ಬೇಕಾದ ಫೈಲ್‌ಗೆ ಮಾತ್ರ ಆಫ್ ಮಾಡಿ. ಯಾಕೆ ಅಂತ ಪಕ್ಕದಲ್ಲೇ ಒಂದು ಸಾಲು ಬರೆಯಿರಿ. ಆ ಕೋಡನ್ನ ಕರ್ನಲ್ ಹೊರಗೆ ಸಾಮಾನ್ಯ ಪ್ರೋಗ್ರಾಂ ಥರ ಓಡಿಸಿ, ಚೆಕ್ ಆನ್ ಇಟ್ಟು ಪರೀಕ್ಷೆ ಮಾಡಿ. ಕಾವಲು ಇಲ್ಲದ ಜಾಗ ಎಲ್ಲಿದೆ ಅನ್ನೋದಾದ್ರೂ ನಮಗೆ ಗೊತ್ತಿರಬೇಕು.